ಹುಳಕ್ಕೆ ನಾಲ್ಕನೇ ಜ್ವರ, ನಮ್ಮವರಿಗೆ ಆಪರೇಷನ್

ನಮ್ಮ ಕಡೆ ‘ಆಪರೇಷನ್ ಆಯ್ತಾ?’ ಎಂದರೆ ಯಾವ ಆಪರೇಷನ್ ಎಂದು ಯಾರೂ ಕೇಳುವುದಿಲ್ಲ. ಯಾರಿಗೆ ಎಂದೂ ಕೇಳುವುದಿಲ್ಲ. ಎರಡು ಹೆತ್ತ ಹೆಂಗಸಿಗೆ ಅದು ‘ಊಟ ಆಯ್ತಾ’ ಎಂಬಷ್ಟೇ ಮಾಮೂಲಿ ಪ್ರಶ್ನೆ. ನನ್ನನ್ನೂ ಹಾಗೆ ಕೇಳಿದವರು ಬಹಳ ಜನ. ‘ಆಯ್ತು, ಆದರೆ ನನಗಲ್ಲ’ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಬರಲು ನನಗೆ ವರ್ಷಗಳೇ ಬೇಕಾದವು. ಈಗ ಹೇಳುತ್ತಿದ್ದೇನೆ. ಇದನ್ನು ಓದುವ ಯಾರೋ ಒಬ್ಬಳ ಗಂಡ ನಾಳೆಯೋ ನಾಡಿದ್ದೋ ಆಸ್ಪತ್ರೆಗೆ ಹೋಗುವವನಿದ್ದರೆ, ಅವಳು ನನ್ನ ಹಾಗೆ ಪೆದ್ದುಪೆದ್ದಾಗಿ ಎಡವದಿರಲಿ ಎಂದು.

ನಮ್ಮೂರು ರಾಮನಗರದ ಹತ್ತಿರದ ಕೈಲಾಂಚದಿಂದ ಒಳಕ್ಕೆ. ನಮ್ಮ ಮನೆಯವರ ಹೆಸರು ಮಹದೇವ. ರೇಷ್ಮೆ ಸೊಪ್ಪಿನ ತೋಟ, ಮನೆಗೆ ಹೊಂದಿಕೊಂಡಂತೆ ಹುಳ ಸಾಕುವ ಮನೆ, ಎರಡು ಹಸು. ಅತ್ತೆ, ನಾವಿಬ್ಬರು, ಎರಡು ಹೆಣ್ಣುಮಕ್ಕಳು. ನಾನು ಹುಳದ ಕೆಲಸದ ಮಧ್ಯೆ ಊರಿನವರಿಗೆ ರವಿಕೆ ಹೊಲಿದುಕೊಡುತ್ತೇನೆ. ನನಗೆ ಮಾತು ಜಾಸ್ತಿ, ಅವರಿಗೆ ಕಡಿಮೆ. ‘ಇಬ್ರಿಗೂ ಸೇರಿ ಒಂದೇ ಬಾಯಿ ಸಾಕು ಅಂತ ಸಿವ ನಿಂಗೇ ಕೊಟ್ಬುಟ್ಟವ್ನೆ’ ಎಂದು ಅತ್ತೆ ಆಗಾಗ ಅನ್ನುತ್ತಿದ್ದರು.

ಚಿಕ್ಕವಳ ಹೆರಿಗೆಯಲ್ಲಿ ನಾನು ಸತ್ತು ಬದುಕಿದವಳು. ಹೊಟ್ಟೆ ಕೊಯ್ದು ಮಗುವನ್ನು ತೆಗೆದ ಮೇಲೆ ರಕ್ತ ನಿಲ್ಲಲಿಲ್ಲವಂತೆ. ನನಗೆ ನೆನಪಿರುವುದು ಚಳಿ ಮಾತ್ರ. ಮೂರನೆಯ ದಿನ ಕಣ್ಣುಬಿಟ್ಟಾಗ ಅತ್ತೆ ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ಮನೆಗೆ ಕಳಿಸುವಾಗ ಲೇಡಿ ಡಾಕ್ಟರು ಇನ್ನೊಂದು ಬಸಿರು ಬೇಡವೇ ಬೇಡ ಎಂದರು. ಆಮೇಲೆ ಕಾಪರ್-ಟಿ ಹಾಕಿಸಿದೆವು, ಅದು ನನಗೆ ಒಗ್ಗಲಿಲ್ಲ. ತಿಂಗಳಲ್ಲಿ ಹದಿನೈದು ದಿನ ಮೈಲಿಗೆ, ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಎರಡು ವರ್ಷ ಹೀಗೇ ನರಳಿದ ಮೇಲೆ ಅದೇ ಡಾಕ್ಟರು ನನ್ನ ರಕ್ತದ ರಿಪೋರ್ಟ್ ನೋಡಿ, ‘ನಿಮ್ಮ ಹೊಟ್ಟೆನ ಮತ್ತೆ ಮುಟ್ಟೋಕೆ ನಂಗೆ ಮನಸಿಲ್ಲಮ್ಮ. ಯಜಮಾನ್ರು ಮಾಡಿಸ್ಕೊಂಡ್ರೆ ಅರ್ಧ ಗಂಟೆ ಕೆಲಸ. ಕೇಳಿ ನೋಡಿ’ ಎಂದರು.

ಕೇಳುವುದು ಹೇಗೆ? ನಾನು ಎಂಥ ಬಾಯಿಬಡುಕಿಯಾದರೂ ಆ ಮಾತು ಗಂಟಲಲ್ಲೇ ನಾಲ್ಕು ದಿನ ಕೂತಿತ್ತು. ಐದನೆಯ ದಿನ ಹಸು ಕರೆಯುತ್ತಿದ್ದವರ ಬೆನ್ನಿಗೆ ಹೇಳಿದೆ, ಮುಖ ನೋಡಲಿಲ್ಲ. ಅವರು ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ. ಬಕೆಟ್ ತುಂಬಿದ ಮೇಲೆ ಎದ್ದು, ‘ಆಯ್ತು, ಮಾಡುಸ್ಕೊಂಡ್ರಾಯ್ತು’ ಎಂದರು. ಅಷ್ಟೇ. ನಾನು ವಾರಗಟ್ಟಲೆ ವಾದಕ್ಕೆ ತಯಾರಾಗಿದ್ದೆ. ವಾದ ಮಾಡಲು ಯಾರೂ ಇರಲಿಲ್ಲ.

ಆದರೆ ಒಪ್ಪಿಕೊಂಡದ್ದು ಬಾಯಿ, ಮನಸ್ಸಲ್ಲ ಎಂದು ಎರಡೇ ದಿನಕ್ಕೆ ಗೊತ್ತಾಯಿತು. ಊಟ ಅರ್ಧಕ್ಕೆ ಬಿಟ್ಟು ಏಳತೊಡಗಿದರು. ನಮ್ಮೂರಿಗೆ ಬರುವ ಸಿಸ್ಟರ್ ದಿನಾಂಕ ಬರೆದುಕೊಳ್ಳಲು ಬಂದಾಗ ಹಟ್ಟಿಯ ಹಿಂದಕ್ಕೆ ಹೋಗಿಬಿಟ್ಟರು. ಕೊನೆಗೆ ಒಂದು ಮಧ್ಯಾಹ್ನ ತೋಟದಲ್ಲಿ ಸೊಪ್ಪು ಕೊಯ್ಯುವಾಗ, ನನ್ನ ಕಡೆ ತಿರುಗದೆ ಕೇಳಿದರು.

‘ಹೋರಿಗೆ ಬೀಜ ಒಡಿಸ್ತಾರಲ್ಲ ಸುಜಾತ, ಇದೂ ಹಂಗೇಯಾ?’

ನನಗೆ ನಗು ಉಕ್ಕಿ ಬಂತು. ಅವರ ಕೈ ನೋಡಿದೆ. ಕುಡುಗೋಲು ಹಿಡಿದ ಕೈ ಸುಮ್ಮನೆ ಒಂದೇ ಕಡ್ಡಿಯನ್ನು ಸವರುತ್ತಿತ್ತು. ಬದುಕಿನಲ್ಲಿ ನಾನು ನುಂಗಿಕೊಂಡ ಅತಿ ದೊಡ್ಡ ನಗು ಅದು, ನುಂಗಿದ್ದಕ್ಕೆ ಇವತ್ತಿಗೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ. ‘ನಂಗೂ ಸರಿಯಾಗಿ ಗೊತ್ತಿಲ್ಲ, ಇಬ್ಬರೂ ಹೋಗಿ ಕೇಳೋಣ’ ಎಂದೆ. ಹೋಗಿ ಕೇಳಿದೆವು. ಲೇಡಿ ಡಾಕ್ಟರು ನಗದೆ, ಹೋರಿಯದ್ದು ಬೇರೆ, ಇದು ಬೇರೆ, ಏನನ್ನೂ ತೆಗೆಯುವುದಿಲ್ಲ, ಒಂದು ದಾರಿ ಮುಚ್ಚುತ್ತಾರೆ ಅಷ್ಟೇ ಎಂದು ಚೀಟಿಯ ಹಿಂದೆ ಗೀಟು ಹಾಕಿ ತೋರಿಸಿದರು. ಆ ಚೀಟಿ ಬಹಳ ದಿನ ನಮ್ಮವರ ಅಂಗಿಯ ಜೇಬಿನಲ್ಲಿತ್ತು.

ಇನ್ನು ನಾವು ಮಾಡಿದ ತಪ್ಪಿಗೆ ಬರುತ್ತೇನೆ.

ರೇಷ್ಮೆ ಹುಳ ಸಾಕದವರಿಗೆ ಒಂದು ಮಾತು ಹೇಳಬೇಕು. ಹುಳ ದೊಡ್ಡದಾಗುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತದೆ, ಹಳೆಯ ಚರ್ಮ ಕಳಚುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕುವಂತಿಲ್ಲ. ನಾಲ್ಕನೆಯ ಜ್ವರ ಒಂದೂವರೆ ದಿನ. ಸಾಕುವವರಿಗೆ ಒಂದು ಬೆಳೆಯಲ್ಲಿ ಬೆನ್ನು ನೆಟ್ಟಗೆ ಮಾಡಲು ಸಿಗುವ ದೊಡ್ಡ ಬಿಡುವೆಂದರೆ ಅದೇ. ಜ್ವರ ಬಿಟ್ಟು ಎದ್ದ ಹುಳ ಆಮೇಲೆ ಒಂದು ವಾರ ರಾಕ್ಷಸನ ಹಾಗೆ ತಿನ್ನುತ್ತದೆ. ಹೊರೆಹೊರೆ ಸೊಪ್ಪು ಹೊತ್ತು ತಂದರೂ ಸಾಲದು.

ಆಪರೇಷನ್ ಮಾಡುವ ಸರ್ಜನ್ ಬರುವ ದಿನ ಸರಿಯಾಗಿ ನಮ್ಮ ಹುಳ ನಾಲ್ಕನೆಯ ಜ್ವರಕ್ಕೆ ಕೂರುವ ದಿನವೇ ಬಿತ್ತು. ‘ನೋಡ್ದಾ, ಹುಳಾನೂ ಮಲಗ್ತದೆ, ನಾನೂ ಮಲಗ್ತೀನಿ, ಹುಳ ಏಳೋ ಹೊತ್ಗೆ ನಾನೂ ಎದ್ದಿರ್ತೀನಿ’ ಎಂದರು. ವಾರ ಪೂರ್ತಿ ಭಾರ ಎತ್ತಬಾರದು ಎಂದು ಸಿಸ್ಟರ್ ಮೊದಲೇ ಹೇಳಿದ್ದಳು. ಬೆಳೆ ಮುಗಿಯಲಿ, ಮುಂದಿನ ಸಲ ಹೋಗೋಣ ಎಂದು ನಾನು ಹೇಳಬೇಕಿತ್ತು. ಮುಂದಕ್ಕೆ ಹಾಕಿದರೆ ಇವರ ಧೈರ್ಯ ಆರಿಹೋದೀತು ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡೆ. ಮಾತಾಡಬೇಕಾದ ಕಡೆ ಮಾತ್ರ ನನ್ನ ಬಾಯಿ ಕೈಕೊಡುತ್ತದೆ.

ಎರಡನೆಯ ತಪ್ಪು, ಸುಳ್ಳು. ಎರಡೂ ಹೆಣ್ಣು, ಅತ್ತೆಗೆ ಮೊಮ್ಮಗನ ಆಸೆ. ಅವರಿಗೆ ಹೇಳಿದರೆ ಹೊಸ್ತಿಲು ದಾಟಲು ಬಿಡುವುದಿಲ್ಲ ಎಂದುಕೊಂಡು, ಹಲ್ಲು ಕೀಳಿಸಿಕೊಳ್ಳಲು ರಾಮನಗರಕ್ಕೆ ಹೋಗುತ್ತಿದ್ದೇವೆ ಎಂದೆವು. ಬೆಳಿಗ್ಗೆ ಹುಳದ ತಟ್ಟೆಗಳಿಗೆ ಸುಣ್ಣದ ಪುಡಿ ಎರಚಿ, ಕಿಟಕಿ ಪರದೆ ಎಳೆದು, ಬಸ್ ಹತ್ತಿದೆವು. ಅತ್ತೆ ಹಿಂದಿನಿಂದ, ‘ಲವಂಗ ಮಡಿಕ್ಕೊಂಡಿದ್ರೆ ವಾಸಿಯಾಗೋದು’ ಎಂದು ಕೂಗುತ್ತಲೇ ಇದ್ದರು.

ಆಸ್ಪತ್ರೆಯ ಆ ವರಾಂಡದಲ್ಲಿ ಕಾಯುತ್ತಿದ್ದವರೆಲ್ಲ ಹೆಂಗಸರು. ಇಪ್ಪತ್ತು ಜನರಿದ್ದಿರಬಹುದು. ಕೆಲವರ ಮಡಿಲಲ್ಲಿ ಕೂಸು, ಪಕ್ಕದಲ್ಲಿ ತಾಯಿಯೋ ಅತ್ತೆಯೋ. ಬೆಂಚಿನ ತುದಿಯಲ್ಲಿ ನಮ್ಮವರು ಒಬ್ಬರೇ ಗಂಡಸು, ಟವೆಲನ್ನು ಹೆಗಲಿಂದ ತೊಡೆಗೆ, ತೊಡೆಯಿಂದ ಹೆಗಲಿಗೆ ಬದಲಾಯಿಸುತ್ತಾ. ನರ್ಸಮ್ಮ ಬಂದವಳೇ ಹೆಸರಿನ ಪಟ್ಟಿ ನೋಡದೆ ನನ್ನ ಕೈ ಹಿಡಿದು ನಂಬರಿನ ಪಟ್ಟಿ ಅಂಟಿಸಿಬಿಟ್ಟಳು. ‘ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೇ?’ ಎಂದಳು.

‘ಉಪ್ಪಿಟ್ಟು ತಿಂದೆ’ ಎಂದೆ.

‘ಅಯ್ಯೋ, ತಿನ್ನಬಾರ್ದು ಅಂತ ಹೇಳಿರ್ಲಿಲ್ವಾ?’

‘ಆಪರೇಷನ್ ನಂಗಲ್ಲ, ಇವರಿಗೆ.’

ಹೆಂಗಸರೆಲ್ಲ ಒಮ್ಮೆಲೇ ನಮ್ಮ ಬೆಂಚಿನ ಕಡೆ ತಿರುಗಿದರು. ಇವರು ನೆಲ ನೋಡಿದರು. ಆಗ ನಮ್ಮ ಎದುರಿಗೆ ಕೂತಿದ್ದ ಮಾಗಡಿ ಕಡೆಯ ಒಬ್ಬ ಮುದುಕಿ, ಮಗಳನ್ನು ಕರೆತಂದವಳು, ಎದ್ದು ಬಂದು ಇವರ ತಲೆಯ ಮೇಲೆ ಕೈಯಿಟ್ಟಳು. ‘ನಿಮ್ಮವ್ವನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ. ನಮ್ಮನೆ ಅಳಿಯ ಸಂತೆಗೆ ಹೋಗವ್ನೆ’ ಎಂದಳು. ಹೆಂಗಸರೆಲ್ಲ ನಕ್ಕರು. ಅವಳ ಮಗಳೂ ನಕ್ಕಳು, ಹೊಟ್ಟೆ ಹಿಡಿದುಕೊಂಡು. ಆ ಮುದುಕಿಯ ಹೆಸರು ನನಗೆ ಗೊತ್ತಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ಕೆಲವೊಮ್ಮೆ ಅವಳ ಮುಖ ನೆನಪಾಗುತ್ತದೆ. ನರ್ಸಮ್ಮನೂ ನಗುತ್ತಾ ನನ್ನ ಕೈಯಿಂದ ಪಟ್ಟಿ ಕಿತ್ತು ಇವರಿಗೆ ಅಂಟಿಸಿದಳು. ಅದು ಸರಿಯಾಗಿ ಅಂಟಲಿಲ್ಲ.

ಒಳಗೆ ಹೋಗುವ ಮುಂಚೆ ಒಂದು ಕಾಗದಕ್ಕೆ ಇವರ ಸೈನ್ ಹಾಕಿಸಿಕೊಂಡರು. ವಾಚು, ಉಡಿದಾರ, ಕೊರಳಿನ ಲಿಂಗದ ಕರಡಿಗೆ, ಎಲ್ಲವನ್ನೂ ಇವರು ನನ್ನ ಕೈಗೆ ಕೊಟ್ಟರು. ಏನಾದರೂ ಹೇಳಬೇಕೆಂದು ನನಗೆ ಬಹಳ ಇತ್ತು. ‘ನಾನು ಇಲ್ಲೇ ಇರ್ತೀನಿ, ಎದ್ದು ಎಲ್ಲೂ ಹೋಗಲ್ಲ’ ಎಂದಷ್ಟೇ ಬಂತು. ಬಾಗಿಲು ಹಾಕಿದ ಮೇಲೆ ಆ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಕೂತೆ. ಇಪ್ಪತ್ತೋ ಇಪ್ಪತ್ತೈದೋ ನಿಮಿಷ ಅಷ್ಟೇ, ಆದರೆ ಯಾರಾದರೂ ಬಾಗಿಲು ತೆರೆದರೆ ನಾನು ಎದ್ದು ನಿಲ್ಲುತ್ತಿದ್ದೆ. ನಾನು ಒಳಗೆ ಮಲಗಿದ್ದ ಆ ಮೂರು ದಿನ ಇವರು ಹೊರಗೆ ಹೇಗಿದ್ದರು ಎಂದು ಮೊದಲ ಸಲ ಯೋಚಿಸಿದ್ದು ಅವತ್ತು. ಅಲ್ಲಿಯವರೆಗೂ ಅದು ನನ್ನೊಬ್ಬಳ ಕಥೆ ಎಂದೇ ತಿಳಿದಿದ್ದೆ.

ಹೊರಗೆ ಬಂದರು. ಮುಖದಲ್ಲಿ ಬೆವರು, ತುಟಿಯಲ್ಲಿ ಪೆಚ್ಚು ನಗು. ‘ಇರುವೆ ಕಡ್ದಂಗಾಯ್ತು, ಅಷ್ಟೇಯ’ ಎಂದರು. ಬಸ್ಸಿನಲ್ಲಿ ಹಂಪ್ ಬಂದಾಗಲೆಲ್ಲ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು.

ಮನೆಯಲ್ಲಿ ಅತ್ತೆ ರಾಗಿ ಗಂಜಿ ಮಾಡಿ ಆರಿಸಿಟ್ಟಿದ್ದರು, ಹಲ್ಲು ಕಿತ್ತ ಮಗನಿಗೆ. ಇವರು ಕೆನ್ನೆ ಹಿಡಿದುಕೊಂಡು ಕುಡಿದರು. ಎದ್ದು ಒಳಗೆ ಹೋಗುವಾಗ ಅತ್ತೆ ಹಿಂದಿನಿಂದ ನೋಡಿ ಕೇಳಿಯೇಬಿಟ್ಟರು.

‘ಹಲ್ ಕಿತ್ರೆ ಕಾಲ್ಯಾಕ್ಲಾ ಅಗಲಿಸ್ಕೊಂಡ್ ನಡೀತೀಯಾ?’

‘ಬಸ್ನಾಗೆ ನಿಂತ್ ನಿಂತ್ ಜೋಮು ಹಿಡೀತು ಕಣವ್ವ.’

ಮಾರನೆಯ ದಿನ ಹುಳದ ಜೊತೆ ಇವರೂ ಮಲಗಿದರು. ಅದರ ಮಾರನೆಯ ಬೆಳಿಗ್ಗೆ ಹುಳ ಎದ್ದವು. ಒಂದು ದಿನ ನಾನು ಮತ್ತು ಅತ್ತೆ ಸೊಪ್ಪು ಹೊತ್ತು ಹೇಗೋ ತೂಗಿಸಿದೆವು. ಮೂರನೆಯ ದಿನ ಹುಳದ ಹಸಿವು ಮಿತಿಮೀರಿತು. ಪಕ್ಕದ ತೋಟದ ಚಿಕ್ಕಣ್ಣ, ಇವರ ಜೊತೆಗಾರ, ಬದುವಿನ ಮೇಲೆ ನಿಂತು ನಗಾಡಿದ. ‘ಏನ್ಲಾ ಮಾದೇವ, ಹೆಂಗಸ್ರ ತಲೆ ಮೇಲೆ ಹೊರೆ ಹೊರಿಸ್ಬುಟ್ಟು ನೀನು ನೆಳ್ಳಾಗ್ ನಿಂತಿದ್ದೀಯಲ್ಲ! ಹಲ್ ಕೀಳಿಸ್ಕೊಂಡ್ರೆ ಏನಾಯ್ತು, ಸೊಪ್ಪೇನ್ ಹಲ್ಲಾಗೆ ಕಚ್ಕೊಂಡ್ ಹೋಗ್ಬೇಕಾ?’

ಇವರು ನನ್ನ ಮುಖ ನೋಡಿದರು. ನಾನು ಬೇಡ ಎಂದು ಕಣ್ಣಲ್ಲೇ ಹೇಳಿದೆ. ಅತ್ತೆ ಅಲ್ಲೇ ಇದ್ದರು, ಚಿಕ್ಕಣ್ಣ ಅಲ್ಲೇ ಇದ್ದ, ಬಾಯಿಬಿಟ್ಟು ಏನು ಹೇಳಲಿ? ಹಲ್ಲು ಕಿತ್ತ ಗಂಡಸು ಹೊರೆ ಹೊರುವುದಿಲ್ಲ ಎನ್ನಲು ಕಾರಣವಿಲ್ಲ. ಟವೆಲನ್ನು ಸಿಂಬೆ ಸುತ್ತಿ ತಲೆಗಿಟ್ಟು ಹೊರೆ ಎತ್ತಿಕೊಂಡರು. ಒಂದಲ್ಲ, ನಾಲ್ಕು.

ಸಂಜೆಯ ಹೊತ್ತಿಗೆ ಊತ ಬಂತು. ಇವರು ಹುಳದ ಮನೆಯ ಮೂಲೆಯಲ್ಲಿ ಗೋಡೆ ಹಿಡಿದು ನಿಂತಿದ್ದರು, ಕೂರಲೂ ಆಗುತ್ತಿಲ್ಲ. ಪಂಚೆ ಸರಿಸಿ ನೋಡಿದೆ, ಬದನೆಕಾಯಿಯ ಹಾಗೆ ಕಪ್ಪಾಗಿ ಊದಿತ್ತು. ‘ಹೋಯ್ತು ಕಣೆ, ಎಲ್ಲಾ ಕೆಟ್ಟೋಯ್ತು’ ಎಂದು ಇವರು ಮಕ್ಕಳ ಹಾಗೆ ಅತ್ತುಬಿಟ್ಟರು. ನಮ್ಮ ಮದುವೆಯಾದ ಮೇಲೆ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನನ್ನ ಜೀವ ಉಳಿಸಲು ಹೋಗಿ ಈ ಮನುಷ್ಯನ ಜೀವನ ಹಾಳು ಮಾಡಿದೆನಲ್ಲ ಎನಿಸಿತು. ಚಿಕ್ಕಣ್ಣನಿಗೆ ಫೋನ್ ಮಾಡಿ ಆಟೋ ತರಲು ಹೇಳಿ, ನೆಟ್ಟಗೆ ಅಡಿಗೆಮನೆಗೆ ಹೋದೆ. ಅತ್ತೆ ಮುದ್ದೆಗೆ ಎಸರಿಟ್ಟಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ.

ಅತ್ತೆ ಮುದ್ದೆ ಕೋಲು ಕೆಳಗಿಟ್ಟರು. ‘ಎರಡೂ ಹೆಣ್ಣೇ ಅಲ್ವೇನಮ್ಮಿ’ ಎಂದರು. ಅಷ್ಟು ಅಂದು ಒಲೆಯನ್ನೇ ನೋಡುತ್ತಾ ಕೂತರು. ನಾನು ಬೈಗುಳಕ್ಕೆ ಕಾದೆ. ಬೈಗುಳ ಬಂತು, ಆದರೆ ನಾನು ಕಾದಿದ್ದ ಕಡೆಯಿಂದಲ್ಲ.

‘ನಾಕ್ ಹೊರೆ ಹೊರಿಸ್ಬುಟ್ರಲ್ಲೇ! ನಂಗ್ ಒಂದ್ ಮಾತು ಯೋಳಕಾಗ್ತಿರ್ಲಿಲ್ವಾ? ನಾನ್ ಹೊತ್ಕೊಂಡ್ ಬತ್ತಿರ್ಲಿಲ್ವಾ ಸೊಪ್ಪ?’

ಆಟೋ ಬರುವವರೆಗೆ ಅತ್ತೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹಿಂದೆ ಇದೇ ಆಪರೇಷನ್ನಿಗೆ ಬಲವಂತದಿಂದ ಗಂಡಸರನ್ನು ಜೀಪಿಗೆ ಹತ್ತಿಸಿಕೊಂಡು ಹೋಗುತ್ತಾರೆಂದು ಸುದ್ದಿ ಹಬ್ಬಿದ ಕಾಲದಲ್ಲಿ, ಜೀಪಿನ ಸದ್ದು ಕೇಳಿದರೆ ಮಾವ ಸೊಪ್ಪಿನ ತೋಟದಲ್ಲಿ ಅಡಗಿ ಕೂರುತ್ತಿದ್ದರಂತೆ. ಕೊನೆಗೆ ಅತ್ತೆಯೇ ಹೋಗಿ ಮಾಡಿಸಿಕೊಂಡರಂತೆ. ‘ನಾಕನೇ ದಿನಕ್ಕೆ ಹೊರೆ ಎತ್ತಿದೆ ಕಣಮ್ಮಿ. ಇವತ್ಗೂ ಸೊಂಟ ಹಿಡ್ಕೊಂಡೇ ಏಳ್ತೀನಲ್ಲ, ಅದ್ಕೇಯ. ಯಾರೂ ಬೇಡ ಅನ್ಲಿಲ್ಲ’ ಎಂದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ಇನ್ನೊಂದು ಮಾತು ಹೇಳಿದರು. ‘ಗಂಡುಮಗೀನಾಸೆ ನಂಗಿತ್ತು, ಇಲ್ಲ ಅನ್ನಾಕಿಲ್ಲ. ಆದ್ರೆ ಮೂರ್ ದಿನ ನಿನ್ ಮಕ ನೋಡ್ಕೊಂಡ್ ನಿಂತಿದ್ದೋಳು ನಾನು. ಹೋಗು, ಅವನ್ನ ಕರ್ಕೊಂಡ್ ಹೋಗು. ಹುಳ ನಾನ್ ನೋಡ್ಕತ್ತೀನಿ.’

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ನೋಡಿ, ಒಳಗೆ ಸ್ವಲ್ಪ ರಕ್ತ ಕಟ್ಟಿದೆ, ತಾನಾಗಿ ಇಳಿಯುತ್ತದೆ, ಮಾತ್ರೆ ನುಂಗಿ ಅಲುಗದೆ ಮಲಗಿ ಎಂದರು. ‘ಏನ್ ಕೆಲಸ ಮಾಡಿದ್ರಿ?’ ಎಂದು ಕೇಳಿದಾಗ, ಇವರು ಸೊಪ್ಪು ಹೊತ್ತೆ ಎಂದರು. ‘ಹುಳಕ್ಕಿರೋ ಬುದ್ಧಿ ನಿಮಗಿಲ್ವಲ್ರೀ. ಅದು ಜ್ವರಕ್ಕೆ ಕೂತ್ರೆ ಯಾರು ಏನಂದ್ರೂ ಅಲುಗಲ್ಲ’ ಎಂದರು ಡಾಕ್ಟರು. ಅವರ ಮನೆಯಲ್ಲೂ ಹುಳ ಸಾಕುತ್ತಿದ್ದರಂತೆ.

ಚಿಕ್ಕಣ್ಣನಿಗೆ ಆಟೋದಲ್ಲೇ ಎಲ್ಲ ಗೊತ್ತಾಯಿತು. ಅವನು ಊರೆಲ್ಲ ಡಂಗುರ ಹೊಡೆಯುತ್ತಾನೆ ಎಂದುಕೊಂಡೆ. ಅವನು ತುಟಿಪಿಟಿಕ್ ಎನ್ನಲಿಲ್ಲ. ಆ ವಾರ ಪೂರ್ತಿ ಬೆಳಿಗ್ಗೆ ಬಂದು ನಮ್ಮ ತೋಟದ ಸೊಪ್ಪು ಕೊಯ್ದು, ಹುಳದ ಮನೆಯ ಬಾಗಿಲಿಗೆ ಹಾಕಿ ಹೋಗುತ್ತಿದ್ದ. ಅತ್ತೆ ಸೊಂಟಕ್ಕೆ ಸೆರಗು ಬಿಗಿದು ಹಗಲೂ ಇರುಳೂ ಮೇವು ಹಾಕಿದರು. ಆ ಬೆಳೆಯ ಗೂಡು ಬಿಳಿಯಾಗಿ ಗಟ್ಟಿಯಾಗಿ ಬಂತು. ಅದು ಅವರಿಬ್ಬರ ಬೆಳೆ.

ಊತ ಇಳಿಯಿತು, ನೋವೂ ಹೋಯಿತು. ಇವರ ಮಾತು ಮಾತ್ರ ವಾಪಸ್ ಬರಲಿಲ್ಲ. ಹುಳ ನೋಡಿಕೊಳ್ಳುವ ನೆಪದಲ್ಲಿ ಹುಳದ ಮನೆಯಲ್ಲೇ ಚಾಪೆ ಹಾಸಿಕೊಂಡರು. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಬಂದ ಮೇಲೂ ಚಾಪೆ ಅಲ್ಲೇ ಇತ್ತು. ಒಂದೇ ಒಂದು ಹುಳವಿಲ್ಲದ ಮನೆಯಲ್ಲಿ ಯಾವ ಹುಳವನ್ನು ನೋಡಿಕೊಳ್ಳುತ್ತಾರೆ? ನನ್ನ ಮೇಲೆ ಸಿಟ್ಟಿದೆ, ಮಾಡಿಸಿಕೊಂಡದ್ದಕ್ಕೆ ಪಶ್ಚಾತ್ತಾಪವಿದೆ ಎಂದೇ ನಾನು ತಿಳಿದೆ. ಆ ಎರಡು ವಾರ ನನಗೆ ಆಪರೇಷನ್ನಿಗಿಂತ ಕಷ್ಟವಾಗಿತ್ತು.

ಒಂದು ಬೆಳಿಗ್ಗೆ ಬ್ಲೀಚಿಂಗ್ ನೀರಿನಲ್ಲಿ ತಟ್ಟೆ ತೊಳೆಯುತ್ತಿದ್ದೆವು. ತಡೆಯಲಾರದೆ ಕೇಳಿದೆ. ‘ನನ್ನ ಮೇಲೆ ಬೇಜಾರಿದ್ರೆ ಬೈದುಬಿಡಿ. ಹಿಂಗೆ ಸುಮ್ಮನಿರ್ಬೇಡಿ.’

ಇವರು ಬಹಳ ಹೊತ್ತು ಒಂದೇ ತಟ್ಟೆ ಉಜ್ಜಿದರು. ‘ನಿನ್ ಮ್ಯಾಲ್ಯಾಕೆ ಬೇಜಾರು? ನಂಗೇ ಭಯ. ನಿನ್ ಹತ್ರ ಬಂದು, ಏನೂ ಆಗ್ದಿದ್ರೆ? ಎತ್ತು ಕಟ್ಕೊಂಡಂಗಾಯ್ತು ಅಂತ ನೀನು ಅನ್ಕಂಡ್ರೆ?’

ಅಂದರೆ ಆ ಹೋರಿ ಇವರ ತಲೆಯಿಂದ ಹೋಗಿರಲೇ ಇಲ್ಲ. ಈ ಸಲ ನನಗೆ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ‘ನಾನು ಹೋರಿ ನೋಡಿ ಮದುವೆಯಾಗಿಲ್ಲ ಕಣ್ರೀ, ಮನುಷ್ಯನ್ನ ನೋಡಿ ಆದೆ. ಆಗ್ದಿದ್ರೆ ಆಗ್ದೇ ಇರ್ಲಿ. ಚಾಪೆ ಮಾತ್ರ ಒಳಗೆ ತನ್ನಿ’ ಎಂದೆ. ಇವರು ನನ್ನನ್ನು ನೋಡಿ ಫಕ್ಕನೆ ನಕ್ಕರು. ಚಾಪೆ ಒಳಗೆ ಬಂತು. ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ. ಹೆದರಬೇಕಾದ್ದು ಏನೂ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ, ಏಕೆಂದರೆ ಇದನ್ನು ಓದುವವಳಿಗೆ ಬೇಕಾದದ್ದು ಈ ಒಂದು ಮಾತು, ಯಾರೂ ಹೇಳದೆ ಬಿಡುವುದೂ ಇದನ್ನೇ.

ಮೂರು ತಿಂಗಳಾದ ಮೇಲೆ ಒಂದು ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೂ ಹುಷಾರಾಗಿರಬೇಕು ಎಂದು ಸಿಸ್ಟರ್ ಬೆನ್ನು ಬಿದ್ದಿದ್ದಳು. ಮತ್ತೆ ರಾಮನಗರಕ್ಕೆ ಹೋದೆವು. ಈ ಸಲ ಅತ್ತೆಗೆ ಹೇಳಿಯೇ ಹೋದೆವು. ಆ ಪರೀಕ್ಷೆಗೆ ಏನನ್ನು ಕೊಡಬೇಕೆಂದು ಗೊತ್ತಾದಾಗ ಇವರು ವಾಪಸ್ ಬಸ್ಸು ಹತ್ತಲು ಹೊರಟೇಬಿಟ್ಟಿದ್ದರು, ಹಿಡಿದು ನಿಲ್ಲಿಸಲು ಸಾಕುಸಾಕಾಯಿತು. ಮಧ್ಯಾಹ್ನ ರಿಪೋರ್ಟ್ ಬಂತು. ಎಲ್ಲ ಸರಿಯಾಗಿದೆ, ಇನ್ನು ಚಿಂತೆಯಿಲ್ಲ ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ ಕೇಳಿದೆ. ‘ಒಂದು ನಿಜ ಹೇಳಿ. ನಾನು ಕೇಳಿದ ದಿನ ಅಷ್ಟು ಭಯ ಇಟ್ಕೊಂಡು ಒಂದೇ ಮಾತಿಗೆ ಹೆಂಗೆ ಒಪ್ಪಿದ್ರಿ?’

ಲೋಟ ಕೆಳಗಿಟ್ಟರು. ‘ಚಿಕ್ಕೋಳು ಹುಟ್ಟಿದ್ ದಿನ ಅಲ್ಲಿ ಒಂದ್ ಕಾಗ್ದಕ್ಕೆ ಸೈನ್ ಹಾಕಿಸ್ಕೊಂಡ್ರು. ನೀನು ಉಳೀದೆ ಹೋದ್ರೂ ನಂದೇನೂ ತಕರಾರಿಲ್ಲ ಅಂತ ಬರ್ದಿತ್ತು. ಬೇಗ ಹಾಕಿ, ಟೈಮಿಲ್ಲ ಅಂದ್ರು. ಹಾಕ್ಬುಟ್ಟೆ. ಹಾಕಿದ್ ಮ್ಯಾಲೆ ನಾನೇ ನಿನ್ನ ಬಿಟ್ಕೊಟ್ಬುಟ್ನೇನೋ ಅನ್ನುಸ್ತು. ಎರಡು ವರ್ಷ ಊಟ ಮಾಡೋವಾಗೆಲ್ಲ ಆ ಕೈನೇ ನೋಡ್ತಿದ್ದೆ.’ ಲೋಟ ಮತ್ತೆ ಕೈಗೆತ್ತಿಕೊಂಡು, ‘ಈ ಸಲದ್ ಕಾಗ್ದದಾಗೆ ನನ್ ಹೆಸ್ರೊಂದೇ ಇತ್ತು’ ಎಂದರು.

ಇವರಿಗೆ ಧೈರ್ಯ ತುಂಬಿದವಳು ನಾನು ಎಂದು ಅಷ್ಟು ದಿನವೂ ಒಳಗೊಳಗೇ ಬೀಗಿದ್ದೆ. ಬೆಂಚಿನ ಮೇಲಿದ್ದ ಇವರ ಬಲಗೈಯನ್ನು ತೆಗೆದು ನನ್ನ ಮಡಿಲಲ್ಲಿಟ್ಟುಕೊಂಡೆ. ನಮ್ಮ ಕಡೆ ಗಂಡ ಹೆಂಡತಿ ನಾಲ್ಕು ಜನರ ಎದುರು ಹಾಗೆ ಮಾಡುವುದಿಲ್ಲ. ‘ಯಾರಾದ್ರೂ ನೋಡ್ತಾರೆ ಕಣೆ’ ಎಂದರು. ನೋಡಲಿ ಎಂದೆ. ಕೈಲಾಂಚದ ಬಸ್ಸು ಬಂದು ನಿಲ್ಲುವವರೆಗೂ ಬಿಡಲಿಲ್ಲ.